ಸೀನನ ಆಕಳಿಕೆ

ಆವತ್ತಿನ ಹರಟೆ ಶುರುವಾಗಿದ್ದೇ ಡೀಸೆಲ್‌ನಿಂದ. ಗಾಂಜಾಕ್ಕೆ ಕಾನೂನಿನ ಒಪ್ಪಿಗೆ ಇರುವ ಕಡೆ ಎರಡು ವರ್ಷ ಇದ್ದು ಬಂದ ಸೀನ, ಸೋಫಾದ ಮೇಲೆ ಚಕ್ಕಂಬಕ್ಕಲ ಹಾಕಿ ಕೂತು ತಳಿಗಳ ಹೆಸರನ್ನು ಮಗ್ಗಿಯ ಹಾಗೆ ಒಪ್ಪಿಸುತ್ತಿದ್ದ. ವೈಟ್ ವಿಡೋ, ಬ್ಲೂ ಡ್ರೀಮ್, ನಾರ್ದರ್ನ್ ಲೈಟ್ಸ್, ಸೋರ್ ಡೀಸೆಲ್.

"ಹುಳಿ ಡೀಸೆಲ್ಲಾ?" ಗುಂಡಣ್ಣ ಬಾಯಿ ಬಿಟ್ಟ. "ಲಾರಿಗೆ ಹಾಕೋದನ್ನ ದುಡ್ಡು ಕೊಟ್ಟು ಸೇದ್ತಾರಾ?"

"ವಾಸನೆ ಹಾಗಿರುತ್ತೆ ಅಣ್ಣ. ಮೊದಲು ಪೆಟ್ರೋಲ್ ಬಂಕು. ಆಮೇಲೆ ನಿಂಬೆ. ಕೊನೆಗೆ ಗಂಟಲಲ್ಲಿ ಒಂಚೂರು ಮೆಣಸು."

"ನನಗೆ ಗೊತ್ತಿರೋದು ಒಂದೇ ವಾಸನೆ ಕಣೋ. ಒದ್ದೆ ಹುಲ್ಲಿನ ಮೆದೆಗೆ ಬೆಂಕಿ ಬಿದ್ದ ಹಾಗೆ."

ಸೀನ ಕೇಳಿಸಿಕೊಳ್ಳಲಿಲ್ಲ. ಒಂದು ತಳಿ ಮಳೆ ಬಿದ್ದ ಮಣ್ಣಂತೆ, ಇನ್ನೊಂದು ಹಳೇ ಚೀಸಂತೆ. ಅದರ ಹೆಸರೂ ಚೀಸೇ. ಗೊರಿಲ್ಲಾ ಗ್ಲೂ ಅಂತ ಒಂದಿತ್ತಂತೆ, ಕತ್ತರಿಗೆಲ್ಲ ಅಂಟಿಕೊಳ್ಳುವಷ್ಟು ಜಿಗುಟು. ಅದೇ ಹೆಸರಿನ ಅಂಟು ತಯಾರಿಸುವ ಕಂಪನಿ 2017ರಲ್ಲಿ ಕೇಸು ಹಾಕಿದ ಮೇಲೆ ಅದು ಬರೀ ಜಿಜಿ4 ಆಯಿತು. ಕೆಮ್ಮಿನ ಔಷಧಿ ಕುಡಿದರೇ ತೂಕಡಿಸುವ ಜಾತಿ ನಾನು. ಸುಮ್ನೆ ಕೇಳುತ್ತಾ ಕೂತೆ.

ಅಷ್ಟರಲ್ಲಿ ಸರೋಜಕ್ಕ ಅಡುಗೆಮನೆಯಿಂದ ಬಂದರು. ಮೂವತ್ತು ವರ್ಷ ಕೆಮಿಸ್ಟ್ರಿ ಪಾಠ ಮಾಡಿದವರು. ಕೈಯಲ್ಲಿ ಕುಟ್ಟಾಣಿ. ನಾಲ್ಕು ಕಾಳುಮೆಣಸು ಜಜ್ಜಿ ಗುಂಡಣ್ಣನ ಮೂಗಿಗೆ ಹಿಡಿದರು. ಗುಂಡಣ್ಣ ಮೂರು ಸಲ ಸೀನಿದ.

"ಈ ಖಾರದ ಘಾಟಲ್ಲಿ ಇರೋದು ಕ್ಯಾರಿಯೋಫಿಲೀನ್. ಗಾಂಜಾದಲ್ಲೂ ಅದೇ ಇದೆ. ನಿಂಬೆ ಸಿಪ್ಪೆಯ ಲಿಮೊನೀನ್, ಪೈನ್ ಮರದ ಪೈನೀನ್, ಲ್ಯಾವೆಂಡರ್‌ನ ಲಿನಲೂಲ್, ಎಲ್ಲಾ ಇವೆ. ಇಂಥ ಪರಿಮಳದ ವಸ್ತುಗಳಿಗೆ ಟರ್ಪೀನ್ ಅಂತಾರೆ. ತಳಿಯಿಂದ ತಳಿಗೆ ಇವುಗಳ ಪಾಲು ಬೇರೆ. ರುಚಿಯ ವಿಷಯದಲ್ಲಿ ಸೀನ ಸುಳ್ಳು ಹೇಳ್ತಿಲ್ಲ."

"ಮತ್ತೆ ಆ ಗಬ್ಬು ನಾತ?" ಗುಂಡಣ್ಣ ಮೂಗು ಒರೆಸಿಕೊಂಡ.

"ಅದು ಗಂಧಕದ ಸಂಯುಕ್ತ. ಗಾಂಜಾದಲ್ಲಿ ಪತ್ತೆಯಾಗಿದ್ದು ಮೊನ್ನೆ ಮೊನ್ನೆ, 2021ರಲ್ಲಿ. ಬಿಸಿಲಿಗಿಟ್ಟ ಬಿಯರ್ ನಾರೋದೂ ಅದರಿಂದಲೇ."

ಇಲ್ಲಿಗೆ ಬಿಟ್ಟಿದ್ದರೆ ಸೀನ ಗೆದ್ದಿರುತ್ತಿದ್ದ. ಬಿಡಲಿಲ್ಲ. "ನೋಡಿದ್ರಾ! ರುಚಿ ಬೇರೆ ಆದ್ರೆ ಅಮಲೂ ಬೇರೆ. ಗಾಂಜಾದಲ್ಲಿ ಸಟೈವಾ, ಇಂಡಿಕಾ ಅಂತ ಎರಡು ಬಗೆ. ಸಟೈವಾ ಸೇದಿದರೆ ಎದ್ದು ಮನೆಯೆಲ್ಲ ಗುಡಿಸಬೇಕು ಅನ್ಸುತ್ತೆ. ಇಂಡಿಕಾ ಸೇದಿದರೆ ಪೊರಕೆ ಮೇಲೇ ನಿದ್ದೆ."

"ಹಾಗಾದರೆ ನಮ್ಮನೇಲಿ ಎಲ್ಲರೂ ಹುಟ್ಟಾ ಇಂಡಿಕಾ," ಎಂದ ಗುಂಡಣ್ಣ.

ಸರೋಜಕ್ಕ ನಕ್ಕರು. "ಸಟೈವಾ ಅಂತ ಹೆಸರಿಟ್ಟಿದ್ದು ಸಸ್ಯಶಾಸ್ತ್ರಜ್ಞ ಲಿನೇಯಸ್, 1753ರಲ್ಲಿ. ಇಂಡಿಕಾ ಅಂದಿದ್ದು ಲಾಮಾರ್ಕ್, 1785ರಲ್ಲಿ. ಅವರು ಗಿಡ ನೋಡಿ ಹೆಸರಿಟ್ಟರು, ಸೇದಿದವನಿಗೆ ನಿದ್ದೆ ಬಂತಾ ಅಂತ ಕೇಳಿ ಅಲ್ಲ. ಈಗ ಎಲ್ಲಾ ಬೆರಕೆ ಆಗಿಹೋಗಿದೆ. ಡಬ್ಬಿ ಮೇಲಿನ ಹೆಸರಿಗೂ ಒಳಗಿನ ಗಿಡದ ವಂಶಕ್ಕೂ ಎಷ್ಟೋ ಸಲ ತಾಳೆಯಾಗಲ್ಲ. ಅಮಲು ಏರಿಸೋದು ಟಿಎಚ್‌ಸಿ. ಅದು ಎಷ್ಟು ಹೋಯ್ತು, ನಿನ್ನ ಹೊಟ್ಟೆ ಖಾಲಿನಾ, ಮನಸ್ಸು ಸರಿ ಇದೆಯಾ, ಅದೇ ಜಾಸ್ತಿ ಲೆಕ್ಕಕ್ಕೆ ಬರೋದು."

"ಟರ್ಪೀನ್ ಬರೀ ವಾಸನೆಗಾ?" ನಾನು ಕೇಳಿದೆ.

"ಪೂರ್ತಿ ಹಾಗೂ ಅನ್ನೋಕ್ಕಾಗಲ್ಲ. 2024ರಲ್ಲಿ ಬಂದ ಒಂದು ಪ್ರಯೋಗದಲ್ಲಿ ಟಿಎಚ್‌ಸಿ ಜೊತೆ ಲಿಮೊನೀನ್ ಜಾಸ್ತಿ ಕೊಟ್ಟಾಗ ಗಾಬರಿ ಕಡಿಮೆ ಆಗಿದೆ. ಆದರೆ ಇದ್ದವರು 20 ಜನ."

ಗಾಬರಿ ಅಂದ ಕೂಡಲೇ ಸೀನನ ಮುಖ ಇಳಿಯಿತು. ಅದರ ಕಥೆ ನಮಗೆಲ್ಲ ಗೊತ್ತು. ಒಂದು ಸಲ ಗಾಂಜಾ ಬಿಸ್ಕತ್ತು ತಿಂದ. ಮುಕ್ಕಾಲು ಗಂಟೆ ಕಳೆದರೂ ಏನೂ ಇಲ್ಲ. ಮೋಸ ಹೋದೆ ಅಂತ ಇನ್ನೊಂದು ತಿಂದ. ಹೊಟ್ಟೆಗೆ ಹೋಗಿದ್ದು ಯಕೃತ್ತಿನಲ್ಲಿ ಬೇರೆ ರೂಪ ತಾಳಿ, ನಿಧಾನಕ್ಕೆ ಬಂದು, ಗಟ್ಟಿಯಾಗಿ ಕೂರುತ್ತದೆ ಅಂತ ಪಾಪ ಅವನಿಗೇನು ಗೊತ್ತು? ಎರಡೂ ಒಟ್ಟಿಗೆ ಬಂದವು. ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟಿತು. ಎದೆ ಡವಡವ. ಫ್ಯಾನು ತನ್ನನ್ನೇ ನೋಡುತ್ತಿದೆ ಅನ್ನಿಸಿ, ಎದ್ದು ಹೋಗಿ ಅದಕ್ಕೆ ಕ್ಷಮೆ ಕೇಳಿದ. ಐದು ನಿಮಿಷ ಕಳೆಯಲು ಒಂದು ಯುಗ ಬೇಕಾಯಿತಂತೆ.

"ಆ ಬಿಸ್ಕತ್ತು ಯಾವ ತಳಿ?" ಗುಂಡಣ್ಣ ಕೆಣಕಿದ.

"ಬ್ಲೂ ಡ್ರೀಮ್," ಎಂದ ಸೀನ, ಸಣ್ಣ ದನಿಯಲ್ಲಿ.

ಅವನ ಮರ್ಯಾದೆ ಉಳಿಸಲೋ ಕಳೆಯಲೋ, ಸರೋಜಕ್ಕ ಮತ್ತೆ ಒಳಗೆ ಹೋದರು. ಎರಡು ಪುಟ್ಟ ಬಟ್ಟಲು ತಂದಿಟ್ಟರು. ಎರಡಕ್ಕೂ ಕಾಗದದ ಮುಚ್ಚಳ, ಅದರಲ್ಲಿ ಸೂಜಿಯ ತೂತುಗಳು. ಒಂದರ ಮೇಲೆ ಸಟೈವಾ, ಇನ್ನೊಂದರ ಮೇಲೆ ಇಂಡಿಕಾ ಅಂತ ಬರೆದಿತ್ತು. "ಗಾಂಜಾ ಅಲ್ಲ, ಗಾಬರಿಯಾಗಬೇಡ. ಆಯಾ ತಳಿಯ ಪರಿಮಳ ಹೊಂದಿಸಿ ತಂದಿದ್ದೀನಿ. ಮೂಸಿ ಹೇಳು."

ಸೀನ ಕಣ್ಣು ಮುಚ್ಚಿ ಮೊದಲನೆಯದನ್ನು ಎಳೆದುಕೊಂಡ. "ಆಹಾ, ಚುರುಕು! ತಲೆಯೊಳಗೆ ಕಿಟಕಿ ತೆಗೆದ ಹಾಗಿದೆ." ಎರಡನೆಯದನ್ನು ಎರಡೆರಡು ಸಲ ಮೂಸಿದ. "ಇದು ಭಾರ. ಹಣೆ ಹತ್ತಿರ ಜೋಂಪು." ಅಂದವನೇ ದವಡೆ ಕಳಚುವಷ್ಟು ಆಕಳಿಸಿದ. ಅವನನ್ನು ನೋಡಿ ಗುಂಡಣ್ಣ ಆಕಳಿಸಿದ. ನಾನಂತೂ ಮೊದಲೇ ಆಕಳಿಸಿಯಾಗಿತ್ತು.

ಸರೋಜಕ್ಕ ಎರಡೂ ಕಾಗದ ತೆಗೆದರು. ಒಂದರಲ್ಲಿ ಅರ್ಧ ನಿಂಬೆ. ಇನ್ನೊಂದರಲ್ಲಿ ಅದೇ ನಿಂಬೆಯ ಇನ್ನರ್ಧ.

ಸೀನ ಎರಡು ಹೋಳನ್ನೂ ಕೈಗೆತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ಎರಡನೆಯದನ್ನು ಮತ್ತೊಮ್ಮೆ ಮೂಸಿದ.

"ಅಲ್ಲ ಅಕ್ಕ, ಈ ಹೋಳು ನೆರಳಿನ ಕಡೆ ಬೆಳೆದಿದ್ದು ಅಲ್ವಾ?"