"ತಿಕ್ಕೂನ್ ಓಲಾಮ್" ಅನ್ನೋದಕ್ಕೆ ಕನ್ನಡದಲ್ಲಿ ಏನನ್ನಬಹುದು?

ಎಲ್ರಿಗೂ ನಮಸ್ಕಾರ. ಅಮೆರಿಕದ ಯಹೂದಿ ಎಡಪಂಥೀಯರ ಬಗ್ಗೆ ಒಂದು ಲೇಖನ ಕನ್ನಡಕ್ಕೆ ತರ್ತಿದೀನಿ, ಅದ್ರಲ್ಲಿ ಮಾತೆತ್ತಿದ್ರೆ "ತಿಕ್ಕೂನ್ ಓಲಾಮ್" ಬರತ್ತೆ. ಹೀಬ್ರೂ ಮಾತು, ಓಲಾಮ್ ಅಂದ್ರೆ ಲೋಕ, ತಿಕ್ಕೂನ್ ಅಂದ್ರೆ ಸರಿಪಡಿಸೋದು. ಹಾಗೇ ಬಿಟ್ರೆ ಪಾತ್ರೆ ತಿಕ್ಕೋದು ಅನ್ಕೊಂಡಾರು! ಮೈಕೇಲ್ ಲರ್ನರ್ (ಆಮೇಲೆ ರಬ್ಬಿ, ಅಂದ್ರೆ ಯಹೂದಿ ಧರ್ಮಗುರು, ಆದ್ರು) ನ್ಯಾನ್ ಫಿಂಕ್ ಜೊತೆ 1986ರಲ್ಲಿ ಶುರು ಮಾಡಿದ ಪತ್ರಿಕೆ ಹೆಸರೂ ತಿಕ್ಕೂನ್ ಅಂತಲೇ.

"ಲೋಕೋದ್ಧಾರ" ಹಾಕಿ ನೋಡ್ದೆ, ಆದ್ರೆ ಅದು ಈಗ ವ್ಯಂಗ್ಯದ ಮಾತಾಗೋಗಿದೆ, "ಬಂದ್ಬಿಟ್ಟ ಲೋಕೋದ್ಧಾರ ಮಾಡಕ್ಕೆ" ಅಂತೀವಲ್ಲ. "ಲೋಕಕಲ್ಯಾಣ" ಅಂದ್ರೆ ಹೋಮದ ಹೊಗೆ ವಾಸನೆ.

ಮಜಾ ಏನಂದ್ರೆ ಮಿಶ್ನಾ ಅನ್ನೋ ಯಹೂದಿ ಕಾನೂನಿನ ಹಳೇ ಸಂಗ್ರಹದಲ್ಲಿ ಈ ಪದ ಬರೋದು ಪಕ್ಕಾ ಕಾನೂನಿನ ಮಾತಾಗಿ. ಏಳನೇ ವರ್ಷ ಸಾಲ ಮನ್ನಾ ಅಂತ ಯಹೂದಿ ಧರ್ಮಗ್ರಂಥ ತೋರಾದಲ್ಲಿದೆ, ಅದಕ್ಕೇ ಆ ವರ್ಷ ಹತ್ರ ಬಂತು ಅಂದ್ರೆ ಬಡವರಿಗೆ ಯಾರೂ ಸಾಲ ಕೊಡ್ತಿರ್ಲಿಲ್ಲ, ಆಗ ಹಿಲ್ಲೆಲ್ ಅನ್ನೋ ಗುರು ಸಾಲಪತ್ರಾನ ನ್ಯಾಯಸಭೆಗೆ ಒಪ್ಪಿಸಿದ್ರೆ ಅದು ಮನ್ನಾ ಆಗಲ್ಲ ಅಂತ ದಾರಿ ಮಾಡಿಕೊಟ್ಟ, ಕಾರಣ ಏನು ಅಂದ್ರೆ "ತಿಕ್ಕೂನ್ ಓಲಾಮ್". ಇದಕ್ಕೆ ನಮ್ಮ "ತಿದ್ದುಪಡಿ" ಹೇಳಿ ಮಾಡಿಸಿದ ಹಾಗಿದೆ. 16ನೇ ಶತಮಾನದಲ್ಲಿ ಈಗಿನ ಇಸ್ರೇಲಿನ ಸಫೇದ್‌ನಲ್ಲಿ ಐಸಾಕ್ ಲೂರಿಯಾ ಅನ್ನೋ ಯಹೂದಿ ಅನುಭಾವಿಯ ಪಂಥದವ್ರು ಹೇಳೋ ತಿಕ್ಕೂನ್ ಬೇರೆ: ಸೃಷ್ಟಿ ಹೊತ್ತಲ್ಲಿ ದೈವೀ ಬೆಳಕು ತಾಳಲಾರದೆ ಪಾತ್ರೆಗಳು ಒಡೆದ್ವು, ಚೆದುರಿದ ಕಿಡಿಗಳನ್ನ ಪ್ರಾರ್ಥನೆ, ವಿಧಿಗಳಿಂದ ಮೇಲೆತ್ತಬೇಕು ಅಂತ. ಇಲ್ಲಿ ಶಾಸನಗಳ "ಖಂಡಸ್ಫುಟಿತ ಜೀರ್ಣೋದ್ಧಾರ" (ಒಡೆದು ಬಿರುಕು ಬಿಟ್ಟಿದ್ದನ್ನ ಸರಿಮಾಡೋದು) ನೆನಪಾಗತ್ತೆ.

ನನ್ನ ಲೇಖನದೋರು ಎರಡನ್ನೂ ಕಲಸಿ ಬೀದಿಗಿಳಿದವ್ರು. 1965ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಜೊತೆ ಅಮೆರಿಕದ ಸೆಲ್ಮಾ ಊರಲ್ಲಿ ಕರಿಯರ ಮತದಾನದ ಹಕ್ಕಿಗಾಗಿ ಮೆರವಣಿಗೆಯಲ್ಲಿ ಹೆಜ್ಜೆ ಹಾಕಿದ ರಬ್ಬಿ ಹೆಶೆಲ್, ಕಾಲುಗಳೇ ಪ್ರಾರ್ಥನೆ ಮಾಡ್ತಿದ್ದ ಹಾಗನ್ನಿಸ್ತು ಅಂದ್ರಂತೆ. ಇಲ್ಲಿ "ತಿದ್ದುಪಡಿ" ಸಪ್ಪೆ, "ಜೀರ್ಣೋದ್ಧಾರ"ದಲ್ಲಿ ಮೆರವಣಿಗೆ ಇಲ್ಲ.

ಸದ್ಯಕ್ಕೆ "ಲೋಕ ತಿದ್ದೋದು" ಅಂತಿಟ್ಟಿದೀನಿ. ತೊಂದರೆ ಅಂದ್ರೆ ಕನ್ನಡದೋರಿಗೆ ತಕ್ಷಣ "ಲೋಕದ ಡೊಂಕ ನೀವೇಕೆ ತಿದ್ದುವಿರಿ" ಕೇಳ್ಸತ್ತೆ, ಬಸವಣ್ಣ ಬೇಡ ಅಂದಿದ್ದನ್ನೇ ಇವ್ರು ವ್ರತ ಮಾಡ್ಕೊಂಡ ಹಾಗೆ. ನನಗೇನೋ ಆ ಜಗ್ಗಾಟ ಇಷ್ಟ, ಆದ್ರೆ ಓದೋರು ದಾರಿ ತಪ್ತಾರಾ? "ಹಸನು ಮಾಡು" ಥರ ಹಳ್ಳಿ ಕಡೆ ಮಾತು ಬೇರೆ ಇದ್ರೂ ತಿಳಿಸಿ.