ಕಥೆಗೊಂದು ಹೊಸ ಶಾಸ್ತ್ರ ಕಟ್ಟಬೇಕು, ಅನುಭವ ಇರೋರು ಹೇಳಿ

ಕೇಳಿದವರು, ಮಂಡ್ಯ:
ವಿಜ್ಞಾನ ಕಥೆಯೊಂದನ್ನ ಬರೀತಿದ್ದೀನಿ. ಅದರಲ್ಲಿ ನಾನೇ ಕಟ್ಟಿದ ಒಂದು ಶಾಸ್ತ್ರ ಇದೆ, ಹೆಸರು ಹದಶಾಸ್ತ್ರ. ಬೆಲ್ಲದ ಪಾಕ, ಮೊಸರು, ಮಣ್ಣು, ಕೊನೆಗೆ ಊರಿನವರ ಸಿಟ್ಟು, ಯಾವುದೇ ಆಗಲಿ, ಹದಕ್ಕೆ ಬರೋ ಗಳಿಗೆಯನ್ನ ಮೊದಲೇ ಲೆಕ್ಕ ಹಾಕೋ ವಿದ್ಯೆ. ಮೂರು ಪುಟ ವಿವರಣೆ ಬರೆದೆ. ಓದಿದ ಗೆಳತಿ, "ವಿಜ್ಞಾನ ಅನ್ನಿಸಲ್ಲ ಕಣೇ, ಕೊರವಂಜಿ ಹತ್ರ ಶಾಸ್ತ್ರ ಕೇಳಿದ ಹಾಗಿದೆ" ಅಂದ್ಲು. ಇಂಥದ್ದು ಬರೆದವರು ಏನು ಮಾಡಿದ್ರಿ?

ಸರಸ್ವತಿಪುರಂ, ಮೈಸೂರು:
ನಾನು ಕೆಮಿಸ್ಟ್ರಿ ಪಾಠ ಮಾಡಿ ನಿವೃತ್ತನಾದವನು. ಅಮೆರಿಕದ ವಿಜ್ಞಾನ ಕಥೆಗಾರ ಐಸಾಕ್ ಅಸಿಮೋವ್ 1948ರಲ್ಲಿ ಥಯೋಟಿಮೊಲಿನ್ ಅನ್ನೋ ಇಲ್ಲದ ವಸ್ತುವಿನ ಮೇಲೆ ಒಂದು ಸಂಶೋಧನಾ ಪ್ರಬಂಧವನ್ನೇ ಬರೆದರು. ನೀರು ಹಾಕೋಕೆ 1.12 ಸೆಕೆಂಡ್ ಮುಂಚೆಯೇ ಅದು ಕರಗುತ್ತೆ! ಸುಳ್ಳು ಇದೊಂದೇ. ಕೋಷ್ಟಕ, ಗ್ರಾಫ್, ಆಧಾರಗ್ರಂಥಗಳ ಪಟ್ಟಿ, ನಿದ್ದೆ ಬರಿಸೋ ಪ್ರಬಂಧದ ಭಾಷೆ, ಎಲ್ಲವೂ ಆ ಒಂದು ಸುಳ್ಳಿಗೆ ದುಡಿಯುತ್ತವೆ. ಆಗ ಅವರು ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮೌಖಿಕ ಪರೀಕ್ಷೆಗೆ ಕಾಯ್ತಿದ್ರು. ಬೇರೆ ಹೆಸರಲ್ಲಿ ಹಾಕಿ ಅಂತ ಕೇಳಿಕೊಂಡಿದ್ದರೂ ಪತ್ರಿಕೆಯಲ್ಲಿ ಸ್ವಂತ ಹೆಸರೇ ಬಂತು. ಪರೀಕ್ಷೆಯ ಕೊನೇ ಪ್ರಶ್ನೆ ಥಯೋಟಿಮೊಲಿನ್ ಬಗ್ಗೆಯೇ. ಪಾಸು ಮಾಡ್ತಾರೆ ಅಂತ ಗೊತ್ತಾಗಿ ಅಸಿಮೋವ್‌ಗೆ ನಗು ತಡೆಯೋಕಾಗಲಿಲ್ಲ.

ಮೂರು ಪುಟ ತೆಗೆದುಹಾಕಿ ತಾಯಿ. ಬದಲಿಗೆ ಒಂದು ಹಾಳೆ ಲ್ಯಾಬ್ ರೆಕಾರ್ಡ್ ಬರೀರಿ. ತಾರೀಕು, ತೂಕ, ಪಕ್ಕದಲ್ಲಿ "ಸೌದೆ ಹಸಿ ಇದ್ದುದರಿಂದ ಇಂದಿನ ಅಳತೆ ಬಿಟ್ಟಿದೆ" ಅಂತೊಂದು ಷರಾ. ನಾನು ತಿದ್ದಿದ ರೆಕಾರ್ಡುಗಳಲ್ಲಿ ಇಂಥ ಷರಾ ಇರೋದನ್ನೇ ನಂಬ್ತಿದ್ದೆ. ಎಲ್ಲ ಸರಿ ಬಂದಿದ್ದರೆ ಪಕ್ಕದ ಹುಡುಗನದ್ದು ನೋಡಿ ಬರೆದದ್ದು.

ಕುವೆಂಪುನಗರ:
ನಂದು ಸೋತ ಅನುಭವ. ವಾಸನಾವಿಜ್ಞಾನ ಅಂತ ಕಟ್ಟಿದ್ದೆ. ನಾಯಕಿ ದೇವರಾಜ ಮಾರುಕಟ್ಟೆಯಲ್ಲಿ ನಿಂತು ಮೂಸಿದರೆ ಯಾರು ಎಲ್ಲಿಂದ ಬಂದರು, ಯಾಕೆ ಬಂದರು, ಎಲ್ಲ ಗೊತ್ತಾಗ್ತಿತ್ತು. ನಾಲ್ಕನೇ ಪುಟಕ್ಕೇ ಕಳ್ಳ ಸಿಕ್ಕಿಬಿದ್ದ, ಉಳಿದ ಆರು ಪುಟ ಏನು ಬರೀಲಿ? ಅಸಿಮೋವ್ ತಮ್ಮ ಕಥೆಗಳಿಗೆ ಕಟ್ಟಿದ ಸೈಕೋಹಿಸ್ಟರಿ ನೋಡಿ, ಜನಸಮೂಹದ ಭವಿಷ್ಯ ಲೆಕ್ಕ ಹಾಕೋ ಶಾಸ್ತ್ರ. ಅನಿಲದ ಒಂದು ಅಣು ಎತ್ತ ಹೋಗುತ್ತೆ ಹೇಳೋಕಾಗಲ್ಲ, ಒಟ್ಟು ಅನಿಲದ ನಡತೆ ಹೇಳಬಹುದು. ಜನಸಮೂಹಕ್ಕೂ ಅದೇ ಲೆಕ್ಕ. ಆದರೆ ಒಬ್ಬ ವ್ಯಕ್ತಿಯ ಭವಿಷ್ಯ ಅದಕ್ಕೆ ಎಟುಕಲ್ಲ, ಭವಿಷ್ಯ ಜನಕ್ಕೆ ತಿಳಿದರೂ ಲೆಕ್ಕ ಕೆಡುತ್ತೆ. ನಿಮ್ಮ ಹದಶಾಸ್ತ್ರದ ಕೈಲಿ ಏನಾಗಲ್ಲ?

ಪಾಂಡವಪುರದ ಕಡೆಯವನು:
ಅಕ್ಕೋ, ನಮ್ಮ ಆಲೆಮನೆಗೆ ಬನ್ನಿ. ಪಾಕ 115 ಡಿಗ್ರಿ ದಾಟಿದ ಮೇಲೆ ಹದ ಅಂತಾರೆ ಓದಿದೋರು. ನಮ್ಮಪ್ಪ ಥರ್ಮಾಮೀಟರ್ ಮುಟ್ಟೋರಲ್ಲ. ಕೊಪ್ಪರಿಗೆಯಿಂದ ಒಂದು ತೊಟ್ಟು ತಣ್ಣೀರಿಗೆ ಬಿಡ್ತಾರೆ, ಬೆರಳಲ್ಲಿ ಉಂಡೆ ಕಟ್ತಾರೆ, ಕಟ್ಟಿದ್ರೆ "ಇಳ್ಸ್ರಲಾ!" ಅಂತ ಕೂಗ್ತಾರೆ. ತಡ ಆದ್ರೆ ಬೆಲ್ಲ ಕಪ್ಪು, ಬೇಗ ಇಳಿಸಿದ್ರೆ ಅಚ್ಚಲ್ಲಿ ನಿಲ್ಲಾಕಿಲ್ಲ. ಚೌಳು ನೆಲದ ಕಬ್ಬು ಬಂದ್ರಂತೂ ಅವರ ಕೈಯೂ ತಡವರಿಸ್ತದೆ. ಹೋದ ವರ್ಷ ನಾನು ಥರ್ಮಾಮೀಟರ್ ನಂಬ್ಕೊಂಡು ಒಂದು ಕೊಪ್ಪರಿಗೆ ಕೆಡಿಸಿ ಮೂರು ದಿನ ಬೈಸ್ಕೊಂಡೆ. ನಿಮ್ಮ ಕಥೇಲಿ ಬೈಯೋರು ಯಾರೂ ಇಲ್ವಾ?

ಮಾನಸಗಂಗೋತ್ರಿ:
ಹೆಸರಿನ ಬಗ್ಗೆ ಒಂದು ಮಾತು. ಬೋರ್ಡಲ್ಲಿ "ಪರಿಪಾಕ ಗತಿವಿಜ್ಞಾನ ಅಧ್ಯಯನ ವಿಭಾಗ" ಅಂತಿರಲಿ, ಕ್ಯಾಂಟೀನಲ್ಲಿ "ಹದದ ಡಿಪಾರ್ಟ್‌ಮೆಂಟು" ಅನ್ನಲಿ. ಅಂದ ಹಾಗೆ ರೊಬಾಟಿಕ್ಸ್ ಅನ್ನೋ ಪದವೂ 1941ರಲ್ಲಿ ಅಸಿಮೋವ್ ಕಥೆಯಲ್ಲೇ ಮೊದಲು ಅಚ್ಚಾದದ್ದು. ಆಗಲೇ ಬಳಕೆಯಲ್ಲಿದೆ ಅಂದುಕೊಂಡೇ ಬರೆದಿದ್ದರಂತೆ.

ಕೇಳಿದವರು, ಮಂಡ್ಯ:
ಮೂರು ಪುಟ ಹೋಯ್ತು ಮೇಷ್ಟ್ರೇ, ಷರಾ ಬಂತು. ಅಪ್ಪ ಮಗನ ಜಗಳವೂ ಬರ್ತಿದೆ. ಅಣ್ಣ, ಈ ಭಾನುವಾರ ಗಾಣ ಆಡುತ್ತಾ?

ಪಾಂಡವಪುರದ ಕಡೆಯವನು:
ಆಡ್ತದೆ. ಬೆಳಿಗ್ಗೆ ಆರಕ್ಕೆ ಬಂದುಬಿಡಿ. ಹೊಸ ಸೀರೆ ಉಟ್ಕೊಂಡು ಮಾತ್ರ ಬರಬ್ಯಾಡಿ, ಪಾಕ ಸಿಡೀತದೆ.