ಫೆಬ್ರವರಿಯಲ್ಲಿ ತಂಗಿ ಮದುವೆ, ಎಚ್-1ಬಿ ಸ್ಟಾಂಪಿಂಗ್ ಮಾರ್ಚ್‌ಗೆ ಹೋಯಿತು. ಊರಿಗೆ ಹೋಗಲಾ, ಬೇಡ್ವಾ?

ಹೇಮಾವತಿ_ದಂಡೆ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ ಹೇಳಿ.

ನಾನು ನ್ಯೂಜೆರ್ಸಿಯಲ್ಲಿದ್ದೇನೆ, ಎಚ್-1ಬಿ (ಕೆಲಸದ ವೀಸಾ) ಮೇಲೆ ಆರು ವರ್ಷ ಮುಗಿಯಿತು. ಗ್ರೀನ್ ಕಾರ್ಡ್‌ಗಾಗಿ ಕಂಪನಿ ಹಾಕಿದ ಐ-140 ಅರ್ಜಿ ಅಪ್ರೂವ್ ಆಗಿರುವುದರಿಂದ ಇನ್ನೂ ಮೂರು ವರ್ಷ ಎಕ್ಸ್‌ಟೆನ್ಶನ್ ಸಿಕ್ಕಿದೆ. ಐ-797 (ಅದರ ಮಂಜೂರಾತಿ ಪತ್ರ) ಸೆಪ್ಟೆಂಬರ್ 2028ರ ತನಕ ಇದೆ. ಆದರೆ ಪಾಸ್‌ಪೋರ್ಟ್‌ನಲ್ಲಿರುವ ವೀಸಾ ಈ ಸೆಪ್ಟೆಂಬರ್‌ಗೇ (2025) ಮುಗಿದುಹೋಯಿತು.

ತಂಗಿ ಮದುವೆ ಹಾಸನದಲ್ಲಿ. ಧನುರ್ಮಾಸ ಕಳೆದ ಮೇಲೆ ಅಂತ ಫೆಬ್ರವರಿ ಎರಡನೇ ವಾರ ಮುಹೂರ್ತ ಇಟ್ಟಿದ್ದಾರೆ. ಡಿಸೆಂಬರ್ 22ಕ್ಕೆ ಭಾರತದ ಅಮೆರಿಕನ್ ಕಾನ್ಸುಲೇಟ್‌ನಲ್ಲಿ ಸ್ಟಾಂಪಿಂಗ್ (ಪಾಸ್‌ಪೋರ್ಟ್‌ಗೆ ಹೊಸ ವೀಸಾ ಹಾಕಿಸುವ) ಸಂದರ್ಶನ ಬುಕ್ ಮಾಡಿದ್ದೆ. ರಜೆಯಲ್ಲಿ ಹೋಗಿ ಆ ಕೆಲಸ ಮುಗಿಸಿ, ಜವಳಿ ಅಂಗಡಿ ಸುತ್ತಿ ವಾಪಸ್ ಬರುವುದು, ಮತ್ತೆ ಫೆಬ್ರವರಿಯಲ್ಲಿ ನಾನೊಬ್ಬನೇ ಹತ್ತು ದಿನಕ್ಕೆ ಹೋಗುವುದು ಅಂತ ಲೆಕ್ಕ. ಹೋದ ವಾರ ಇಮೇಲ್ ಬಂತು. ಸಂದರ್ಶನ ಮಾರ್ಚ್ 24ಕ್ಕೆ ಹೋಗಿದೆ.

ಈಗ ತಲೆ ಓಡುತ್ತಿಲ್ಲ. ಹಳೇ ತಾರೀಖಿಗೇ ಹೋಗಿ ಬಾಗಿಲಲ್ಲಿ ಕೇಳಿಕೊಂಡರೆ ಬಿಡುತ್ತಾರಾ? ಮೆಕ್ಸಿಕೋದಲ್ಲಿ ಮಾಡಿಸಬಹುದು ಅಂತ ಒಬ್ಬ ಸ್ನೇಹಿತ ಹೇಳಿದ, ಅದು ಈಗಲೂ ನಡೆಯುತ್ತಾ? ಹೊರಗೆ ಹೋದರೆ ವಾಪಸ್ ಬರಲು ಕಂಪನಿ ಒಂದು ಲಕ್ಷ ಡಾಲರ್ ಕಟ್ಟಬೇಕು ಅಂತ ಇನ್ನೊಬ್ಬರು ಹೆದರಿಸಿದರು. ಹೆಂಡತಿ ಎಚ್-4 (ಎಚ್-1ಬಿಯವರ ಕುಟುಂಬದ ವೀಸಾ) ಮೇಲೆ ಕೆಲಸಕ್ಕೆ ಹೋಗುತ್ತಾಳೆ, ಮಗಳು ಎರಡನೇ ಕ್ಲಾಸು. ನಮ್ಮಪ್ಪನಿಗೆ ಇನ್ನೂ ಹೇಳಿಲ್ಲ. ಧಾರೆಗೆ ಅಣ್ಣ ಇರಲೇಬೇಕು ಅಂತ ತಂಗಿ ದಿನಾ ಮೆಸೇಜ್ ಮಾಡುತ್ತಾಳೆ.

ಟೆಕ್ಸಾಸ್_ತುಮಕೂರು:

ಮೊದಲು ಒಂದು ವಿಷಯ ಬಿಡಿಸಿ ಹೇಳುತ್ತೇನೆ, ಇದರಲ್ಲಿ ಗೊಂದಲ ಆದರೆ ಮುಂದಿನದ್ದೆಲ್ಲ ಗೊಂದಲ. ಪಾಸ್‌ಪೋರ್ಟ್‌ನಲ್ಲಿ ಅಂಟಿಸುವ ವೀಸಾ ಅಮೆರಿಕದ ಬಾಗಿಲು ದಾಟುವುದಕ್ಕೆ ಮಾತ್ರ. ಒಳಗೆ ಇದ್ದು ಕೆಲಸ ಮಾಡಲು ಬೇಕಾಗಿರುವುದು ಐ-797 ಮತ್ತು ಅದರ ಕೆಳಗಿರುವ ಐ-94 (ಎಲ್ಲಿಯ ತನಕ ಇರಬಹುದು ಅನ್ನುವ ದಾಖಲೆ). ನಿಮ್ಮದು 2028ರ ತನಕ ಸರಿಯಾಗಿದೆ. ಅಂದರೆ ನೀವು ಇಲ್ಲೇ ಇದ್ದರೆ ಯಾವ ಸ್ಟಾಂಪೂ ಬೇಕಿಲ್ಲ, ಯಾರೂ ನಿಮ್ಮನ್ನು ಕೇಳುವುದಿಲ್ಲ. ಸಮಸ್ಯೆ ಶುರುವಾಗುವುದು ವಿಮಾನ ಹತ್ತಿದ ಮೇಲೆ.

ಹಳೇ ತಾರೀಖಿಗೆ ಹೋಗುವ ಯೋಚನೆ ಈಗಲೇ ಬಿಡಿ. ತಾರೀಖು ಬದಲಾಗಿದೆ ಅಂತ ಇಮೇಲ್ ಬಂದವರು ಹಳೇ ದಿನ ಬಂದರೆ ಒಳಗೆ ಬಿಡುವುದಿಲ್ಲ ಅಂತ ರಾಯಭಾರ ಕಚೇರಿಯವರೇ ಡಿಸೆಂಬರ್ 9ರಂದು ಹಾಕಿದ್ದಾರೆ. ಇದಕ್ಕೆ ಕಾರಣ, ಡಿಸೆಂಬರ್ 15ರಿಂದ ಎಚ್-1ಬಿ, ಎಚ್-4 ಅರ್ಜಿದಾರರೆಲ್ಲರ ಸೋಷಿಯಲ್ ಮೀಡಿಯಾ ನೋಡುವ ನಿಯಮ ಬಂದಿದೆ. ಒಂದೊಂದು ಅರ್ಜಿಗೂ ಹೊತ್ತು ಜಾಸ್ತಿ ಹಿಡಿಯುತ್ತದೆ, ಹಾಗಾಗಿ ದಿನಕ್ಕೆ ನೋಡುವ ಜನರನ್ನು ಕಡಿಮೆ ಮಾಡಿದ್ದಾರೆ. ನಿಮ್ಮೊಬ್ಬರಿಗೆ ಅಲ್ಲ, ಇಡೀ ಭಾರತದಲ್ಲಿ ಡಿಸೆಂಬರ್ ಕೊನೆಯ ಸಂದರ್ಶನಗಳು ಮಾರ್ಚ್‌ಗೆ, ಅದರಾಚೆಗೆ ಹೋಗಿವೆ. ಆಗಲೇ ಊರಿಗೆ ಹೋಗಿ ಸಿಕ್ಕಿಹಾಕಿಕೊಂಡವರನ್ನು ನೆನೆದರೆ ಕರುಳು ಚುರುಕ್ ಅನ್ನುತ್ತದೆ. ನೀವು ಇನ್ನೂ ಇಲ್ಲೇ ಇದ್ದೀರಿ, ಅದು ನಿಮ್ಮ ಪುಣ್ಯ.

ಮೆಕ್ಸಿಕೋ ಮೊದಲು ನಡೆಯುತ್ತಿತ್ತು. ಸೆಪ್ಟೆಂಬರ್ 6, 2025ರಿಂದ ಅವರವರ ದೇಶದಲ್ಲಿ ಅಥವಾ ವಾಸ ಇರುವ ದೇಶದಲ್ಲೇ ಅರ್ಜಿ ಹಾಕಬೇಕು ಅಂತ ಆಗಿದೆ. ನಿಮ್ಮ ವಾಸ ಅಮೆರಿಕದಲ್ಲಿ, ಇಲ್ಲಿ ಅಮೆರಿಕದ್ದೇ ಕಾನ್ಸುಲೇಟ್ ಇರುವುದಿಲ್ಲ, ಹಾಗಾಗಿ ಭಾರತವೇ ಗತಿ. ಡ್ರಾಪ್‌ಬಾಕ್ಸ್ (ಸಂದರ್ಶನ ಇಲ್ಲದೇ ಕಾಗದ ಕೊಟ್ಟು ಬರುವುದು) ಕೂಡ ಇಲ್ಲ. ಸೆಪ್ಟೆಂಬರ್ 2ರಿಂದ ಎಚ್-1ಬಿಯವರು ರಿನ್ಯೂವಲ್ ಆದರೂ ಖುದ್ದಾಗಿ ಕಿಟಕಿ ಮುಂದೆ ನಿಲ್ಲಬೇಕು.

ಒಂದು ಲಕ್ಷ ಡಾಲರ್ ನಿಮಗಲ್ಲ. ಅದು ಸೆಪ್ಟೆಂಬರ್ 21ರಿಂದ ಈಚೆಗೆ ಹೊರಗಿರುವವರಿಗಾಗಿ ಹಾಕುವ ಹೊಸ ಪಿಟಿಷನ್‌ಗೆ (ಕಂಪನಿ ಹಾಕುವ ಎಚ್-1ಬಿ ಅರ್ಜಿಗೆ). ಅದಕ್ಕಿಂತ ಮುಂಚೆ ಹಾಕಿ ಅಪ್ರೂವ್ ಆದ ಪಿಟಿಷನ್ ಮೇಲೆ ಸ್ಟಾಂಪ್ ಮಾಡಿಸಿ ಬರುವವರಿಗೆ ಇಲ್ಲ. ನಿಮ್ಮ ಎಕ್ಸ್‌ಟೆನ್ಶನ್ ಯಾವಾಗ ಹಾಕಿದ್ದು ಅನ್ನುವುದನ್ನು ಮಾತ್ರ ಲಾಯರ್ ಹತ್ತಿರ ಒಮ್ಮೆ ತೋರಿಸಿ.

ನಿಮಗೆ ಇರುವುದು ಎರಡೇ ದಾರಿ. ಮದುವೆಗೆ ಹೋಗದೇ ಇರುವುದು, ಇಲ್ಲಾ ಫೆಬ್ರವರಿಯಲ್ಲಿ ಹೋಗಿ ಮಾರ್ಚ್ 24ರ ತನಕ ಅಲ್ಲೇ ಇದ್ದು ಸ್ಟಾಂಪ್ ಮಾಡಿಸಿಕೊಂಡೇ ಬರುವುದು. ಇದನ್ನು ನಿರ್ಧರಿಸುವುದು ಕಾನ್ಸುಲೇಟ್ ಅಲ್ಲ, ನಿಮ್ಮ ಕಂಪನಿ. ಎರಡು ತಿಂಗಳು ಭಾರತದಿಂದ ಕೆಲಸ ಮಾಡಲು ಬಿಡುತ್ತಾರಾ ಅಂತ ಕೇಳಿ, ಬರಹದಲ್ಲಿ ತಗೊಳ್ಳಿ. ಮ್ಯಾನೇಜರ್ ಬಾಯಿಮಾತಲ್ಲಿ ಹೂಂ ಅಂದರೆ ಸಾಲದು. ನಾಳೆ ಎಚ್‌ಆರ್‌ನವರು ತೆರಿಗೆ ಅಂತಾರೆ, ಕ್ಲೈಂಟ್‌ನವರು ನಮ್ಮ ಡೇಟಾ ಅಮೆರಿಕದ ಹೊರಗೆ ಹೋಗಬಾರದು ಅಂತಾರೆ, ಲ್ಯಾಪ್‌ಟಾಪ್ ಲಾಕ್ ಆಗುತ್ತದೆ.

ಕಾವೇರಿ_ಕ್ಯಾರೊಲಿನಾ:

ಮೇಲಿನವರು ಹೇಳಿದ್ದೆಲ್ಲ ಸರಿ. ಆದರೆ ಮಾರ್ಚ್ 24 ಅನ್ನುವುದನ್ನು ಕೊನೆಯ ದಿನ ಅಂತ ಲೆಕ್ಕ ಹಾಕಬೇಡಿ ಸರ್. ಅದು ಶುರುವಿನ ದಿನ. ನನ್ನದನ್ನೇ ಹೇಳುತ್ತೇನೆ.

2023ರಲ್ಲಿ ಮೂರು ವಾರಕ್ಕೆ ಅಂತ ದಾವಣಗೆರೆಗೆ ಹೋದವಳು ಹನ್ನೊಂದು ವಾರ ಅಲ್ಲೇ ಉಳಿದೆ. ಯಾವ ಕಾನ್ಸುಲೇಟ್ ಅಂತ ಬೇಡ. ಕಿಟಕಿಯಲ್ಲಿದ್ದ ಅಧಿಕಾರಿ ಚೆನ್ನಾಗಿಯೇ ಮಾತಾಡಿದರು. ಯಾವ ಕಂಪನಿ, ಏನು ಕೆಲಸ, ಸಂಬಳ ಎಷ್ಟು, ಎಲ್ಲಿ ಕೂತು ಕೆಲಸ ಮಾಡುತ್ತೀರಿ, ಅಷ್ಟೇ. ಆಮೇಲೆ ಕಿಟಕಿಯ ಕೆಳಗಿನ ಸಂದಿಯಿಂದ ಒಂದು ಚೀಟಿ ತಳ್ಳಿದರು. ಮೇಲೆ 221(ಜಿ) ಅಂತ ಇತ್ತು, ಒಂದು ಚೌಕದಲ್ಲಿ ಪೆನ್ನಿನಿಂದ ಟಿಕ್. ಪರಿಶೀಲನೆ ಬಾಕಿ ಇದೆ, ಇಮೇಲ್ ಬರುತ್ತದೆ ಅಂದರು. ಹೊರಗೆ ಬಂದಾಗ ಅಮ್ಮ ಎದುರಿನ ಫುಟ್‌ಪಾತ್ ಮೇಲೆ ನನ್ನ ಮೊಬೈಲು, ಪರ್ಸು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಆಯ್ತಾ ಮಗಾ ಅಂದರು. ನನಗೆ ಉತ್ತರ ಬರಲಿಲ್ಲ.

ಅಲ್ಲಿಂದ ದಿನಾ ಬೆಳಿಗ್ಗೆ ಎದ್ದು ವೆಬ್‌ಸೈಟ್‌ನಲ್ಲಿ ಕೇಸ್ ನಂಬರ್ ಹಾಕಿ ನೋಡುವುದೇ ಕೆಲಸ. ಅಲ್ಲಿ ‘ರೆಫ್ಯೂಸ್ಡ್’ ಅಂತ ತೋರಿಸುತ್ತದೆ. ಗೊತ್ತಿಲ್ಲದವರಿಗೆ ಎದೆ ಒಡೆಯುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ: 221(ಜಿ) ಕೊಟ್ಟವರಿಗೆಲ್ಲ ಹಾಗೇ ತೋರಿಸುವುದು, ವೀಸಾ ಪೂರ್ತಿ ಕೈತಪ್ಪಿತು ಅಂತ ಅರ್ಥ ಅಲ್ಲ. ನನಗೆ ಹನ್ನೊಂದನೇ ವಾರ ‘ಇಶ್ಯೂಡ್’ ಅಂತ ಬಂತು.

ಆರನೇ ವಾರಕ್ಕೆ ಕಂಪನಿ ಸಂಬಳ ನಿಲ್ಲಿಸಿತು. ಮನೆ ಬಾಡಿಗೆ, ಕಾರಿನ ಇನ್ಶೂರೆನ್ಸ್, ಮಗನ ಡೇಕೇರ್ ಮಾತ್ರ ನಿಲ್ಲಲಿಲ್ಲ. ಅದಕ್ಕೇ ನನ್ನ ಮಾತು ಇಷ್ಟು. ಹೊರಡುವ ಮುಂಚೆ ಕನಿಷ್ಠ ಮೂರು ತಿಂಗಳ ಖರ್ಚು ಎತ್ತಿಡಿ, ಬಿಲ್‌ಗಳೆಲ್ಲ ಹೆಂಡತಿಯ ಖಾತೆಯಿಂದಲೂ ಹೋಗುವ ಹಾಗೆ ಮಾಡಿ. ಹೆಂಡತಿ ಮಗಳನ್ನು ಕರೆದುಕೊಂಡು ಹೋಗಬೇಡಿ. ಬೇಜಾರಾಗುತ್ತದೆ, ಗೊತ್ತು. ಆದರೆ ಅವರದ್ದೂ ವೀಸಾ ಮುಗಿದಿದ್ದರೆ ಮೂವರೂ ಸಿಕ್ಕಿಹಾಕಿಕೊಳ್ಳುತ್ತೀರಿ, ಅವರ ಕೆಲಸವೂ ಹೋಗುತ್ತದೆ, ಮಗಳ ಸ್ಕೂಲೂ ತಪ್ಪುತ್ತದೆ.

ನಗರ_ಸಂಚಾರಿ:

ಒಂದು ಸಂದೇಹ. ಇಲ್ಲೇ ಅಮೆರಿಕದೊಳಗೇ ರಿನ್ಯೂ ಮಾಡುವ ವ್ಯವಸ್ಥೆ ಬಂದಿತ್ತಲ್ಲ? ಮತ್ತೆ ಬೆಂಗಳೂರಿನಲ್ಲೇ ಕಾನ್ಸುಲೇಟ್ ಆಯಿತು ಅಂತ ಓದಿದ್ದೆ. ಕೆನಡಾಕ್ಕೆ ಹೋಗಿ ಮುಗಿದ ವೀಸಾದಲ್ಲೇ ವಾಪಸ್ ಬರಬಹುದು ಅಂತಲೂ ಕೇಳಿದ್ದೇನೆ.

ಟೆಕ್ಸಾಸ್_ತುಮಕೂರು:

ಇಲ್ಲೇ ರಿನ್ಯೂ ಮಾಡಿದ್ದು ಪ್ರಯೋಗಕ್ಕೆ ಅಂತ 2024ರ ಜನವರಿ ಕೊನೆಯಿಂದ ಬರೀ ಕೆಲವು ವಾರ, 20,000 ಅರ್ಜಿಗೆ ಮಾತ್ರ. ಅದೂ ಭಾರತದಲ್ಲಿ 2021ರ ಫೆಬ್ರವರಿಯಿಂದ ಸೆಪ್ಟೆಂಬರ್ ಒಳಗೆ ಸ್ಟಾಂಪ್ ಆದವರಿಗೆ, ಕೆನಡಾದಲ್ಲಿ ಆದ ಕೆಲವರಿಗೆ. ಆಮೇಲೆ ಮುಂದುವರಿಯಲಿಲ್ಲ. ಮುಂದುವರಿದಿದ್ದರೆ ಇವತ್ತು ಈ ಪಾಡೇ ಇರುತ್ತಿರಲಿಲ್ಲ, ಆ ಬಗ್ಗೆ ನನಗೆ ನಿಜಕ್ಕೂ ಸಂಕಟ ಇದೆ.

ಬೆಂಗಳೂರಿನಲ್ಲಿ ಜನವರಿ 17, 2025ರಂದು ಉದ್ಘಾಟನೆ ಆಯಿತು. ವೀಸಾ ಸಂದರ್ಶನ ಇನ್ನೂ ಶುರುವಾಗಿಲ್ಲ. ನಮ್ಮವರು ಈಗಲೂ ಚೆನ್ನೈಗೋ ಹೈದರಾಬಾದ್‌ಗೋ ರಾತ್ರಿ ಬಸ್ಸು ಹತ್ತಬೇಕು.

ಕೆನಡಾದ್ದು ನಿಜ. 30 ದಿನದ ಒಳಗೆ ಕೆನಡಾ ಅಥವಾ ಮೆಕ್ಸಿಕೋಗೆ ಮಾತ್ರ ಹೋಗಿ ಬಂದರೆ, ಐ-94 ಚಾಲ್ತಿಯಲ್ಲಿದ್ದರೆ, ಮುಗಿದ ವೀಸಾದಲ್ಲೂ ಒಳಗೆ ಬರಬಹುದು. ಆದರೆ ಅಲ್ಲಿ ಹೊಸ ವೀಸಾಕ್ಕೆ ಅರ್ಜಿ ಹಾಕಿದರೆ ಆ ಅವಕಾಶ ಹೋಯಿತು. ಭಾರತಕ್ಕೆ ಹೋದವರಿಗೆ ಅದು ಅನ್ವಯಿಸುವುದೇ ಇಲ್ಲ. ಯಾರಾದರೂ ಟೊರೊಂಟೊ ಮೇಲೆ ಸುತ್ತಿಕೊಂಡು ಬಾ ಅಂದರೆ ಕೇಳಬೇಡಿ.

ಮಲ್ನಾಡ್_ಮಳೆ:

ನನ್ನ ಅಭಿಪ್ರಾಯ ಬೇರೆ. ಹೋಗಬೇಡಿ. ಕೆಲಸ ಇದ್ದರೆ ಮುಂದಿನ ವರ್ಷ ತಂಗಿ ಮನೆಗೇ ಹೋಗಿ ನಾಲ್ಕು ದಿನ ಇದ್ದು ಬರಬಹುದು. ಕೆಲಸ ಹೋದರೆ ಐ-140, ಮಗಳ ಸ್ಕೂಲು, ಎಲ್ಲಾ ಅಲ್ಲಾಡುತ್ತದೆ. ವಿಡಿಯೋದಲ್ಲಿ ನೋಡಿ.

ಕಾವೇರಿ_ಕ್ಯಾರೊಲಿನಾ:

ಮಲ್ನಾಡ್ ಅವರೇ, ನೀವು ಹೇಳುವುದರಲ್ಲಿ ತಪ್ಪಿಲ್ಲ. ಆದರೆ ನಾನು ನನ್ನ ಅಣ್ಣನ ಮದುವೆಯನ್ನು ವಿಡಿಯೋದಲ್ಲೇ ನೋಡಿದವಳು. ಧಾರೆ ಹೊತ್ತಿಗೆ ಫೋನ್ ಹಿಡಿದಿದ್ದ ಹುಡುಗನನ್ನು ಯಾರೋ ಕರೆದರು, ಅವನು ಫೋನನ್ನು ಅಕ್ಷತೆ ತಟ್ಟೆ ಪಕ್ಕ ಇಟ್ಟು ಹೋದ. ಹತ್ತು ನಿಮಿಷ ಚಪ್ಪರದ ಮಾವಿನೆಲೆ ನೋಡಿದೆ, ವಾಲಗ ಕೇಳಿದೆ. ಕಂಪನಿ ಬರಹದಲ್ಲಿ ಒಪ್ಪಿದರೆ, ಮೂರು ತಿಂಗಳ ದುಡ್ಡು ಕೈಯಲ್ಲಿದ್ದರೆ, ಹೋಗಿ ಅಂತಲೇ ನಾನು ಹೇಳುವುದು. ಎರಡರಲ್ಲಿ ಒಂದಿಲ್ಲ ಅಂದರೆ ಬೇಡ.

ಹೇಮಾವತಿ_ದಂಡೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಮ್ಯಾನೇಜರ್ ಜೊತೆ ಮಾತಾಡಿದೆ. ಎಂಟು ವಾರ ಭಾರತದಿಂದ ಕೆಲಸ, ಅದರಾಚೆಗೆ ಸಂಬಳ ಇಲ್ಲದ ರಜೆ, ಆದರೆ ಕೆಲಸ ಉಳಿಸುತ್ತೇವೆ ಅಂತ ಎಚ್‌ಆರ್‌ನಿಂದ ಇಮೇಲ್ ಬಂದಿದೆ. ಎಕ್ಸ್‌ಟೆನ್ಶನ್ ಮೇ ತಿಂಗಳಲ್ಲೇ ಹಾಕಿದ್ದು, ಒಂದು ಲಕ್ಷದ ಪ್ರಶ್ನೆ ಬರುವುದಿಲ್ಲ ಅಂತ ಲಾಯರ್ ಹೇಳಿದರು. ಹೆಂಡತಿ ಮಗಳು ಇಲ್ಲೇ ಇರುತ್ತಾರೆ. ಹೋಗುತ್ತೇನೆ.

ಇನ್ನೆರಡು ಪ್ರಶ್ನೆ. ಟೆಲಿಗ್ರಾಮ್‌ನಲ್ಲಿ ಒಬ್ಬ ದುಡ್ಡು ಕೊಟ್ಟರೆ ಫೆಬ್ರವರಿ ಸ್ಲಾಟ್ ಹಿಡಿದುಕೊಡುತ್ತೇನೆ ಅಂತಾನೆ, ಲಾಗಿನ್ ಕೇಳುತ್ತಿದ್ದಾನೆ. ಮತ್ತೆ ನನ್ನ ಪಾಸ್‌ಪೋರ್ಟ್ ಅಕ್ಟೋಬರ್ 2026ಕ್ಕೆ ಮುಗಿಯುತ್ತದೆ, ತೊಂದರೆ ಇದೆಯಾ?

ಟೆಕ್ಸಾಸ್_ತುಮಕೂರು:

ಲಾಗಿನ್ ಯಾರಿಗೂ ಕೊಡಬೇಡಿ. ಅವರು ಒಂದೇ ಸಮ ಪೇಜ್ ರಿಫ್ರೆಶ್ ಮಾಡಿ ಅಕೌಂಟ್ ಲಾಕ್ ಆದರೆ ಮಾರ್ಚ್ 24 ಕೂಡ ನಿಮ್ಮ ಕಣ್ಣಿಗೆ ಕಾಣುವುದಿಲ್ಲ. 2025ರಿಂದ ಉಚಿತವಾಗಿ ತಾರೀಖು ಬದಲಾಯಿಸಲು ಒಂದೇ ಅವಕಾಶ, ಆಮೇಲೆ ಮತ್ತೆ 205 ಡಾಲರ್ ಕಟ್ಟಬೇಕು. ಹಾಗಾಗಿ ಸುಮ್ನೆ ಕೈ ಹಾಕಬೇಡಿ.

ಪಾಸ್‌ಪೋರ್ಟ್ ವಿಷಯ ಕೇಳಿದ್ದು ಒಳ್ಳೆಯದಾಯಿತು. ಹೊರಡುವ ಮುಂಚೆ ಇಲ್ಲೇ ರಿನ್ಯೂ ಮಾಡಿಸಿ, ಇವತ್ತೇ ವಿಎಫ್‌ಎಸ್ (ಪಾಸ್‌ಪೋರ್ಟ್ ಅರ್ಜಿ ತೆಗೆದುಕೊಳ್ಳುವ ಏಜೆನ್ಸಿ) ಮೂಲಕ ಅರ್ಜಿ ಹಾಕಿ. ಕಾರಣ, ವಾಪಸ್ ಬರುವಾಗ ವಿಮಾನ ನಿಲ್ದಾಣದಲ್ಲಿ ಕೊಡುವ ಐ-94ಗೆ ಎಷ್ಟೋ ಸಲ ಪಾಸ್‌ಪೋರ್ಟ್ ಮುಗಿಯುವ ತಾರೀಖನ್ನೇ ಹಾಕಿಬಿಡುತ್ತಾರೆ. ಐ-797 2028 ಅಂತಿದ್ದರೂ ನಿಮ್ಮ ಐ-94 2026ಕ್ಕೇ ಮುಗಿಯುತ್ತದೆ, ಜನ ಅದನ್ನು ನೋಡದೇ ಕೂತು ಪೇಚಿಗೆ ಸಿಗುತ್ತಾರೆ. ಹೊಸ ಪಾಸ್‌ಪೋರ್ಟ್ ಬಂದ ಮೇಲೆ ಹೊಸ ನಂಬರ್ ಹಾಕಿ ಡಿಎಸ್-160 (ಆನ್‌ಲೈನ್ ವೀಸಾ ಅರ್ಜಿ) ಮತ್ತೆ ತುಂಬಿ, ಅಪಾಯಿಂಟ್‌ಮೆಂಟ್ ಪ್ರೊಫೈಲ್‌ನಲ್ಲೂ ಬದಲಾಯಿಸಿ. ಎರಡೂ ಒಂದೇ ಇರಬೇಕು. ಹಳೇ ವೀಸಾ ಇರುವ ಪಾಸ್‌ಪೋರ್ಟನ್ನೂ ಸಂದರ್ಶನಕ್ಕೆ ಒಯ್ಯಿರಿ.

ಡಿಎಸ್-160ಯಲ್ಲಿ ಹೋದ ಐದು ವರ್ಷದ ಸೋಷಿಯಲ್ ಮೀಡಿಯಾ ಹೆಸರು ಕೇಳುತ್ತಾರೆ. ಬಳಸದೇ ಬಿಟ್ಟ ಅಕೌಂಟ್ ಇದ್ದರೂ ಬರೆಯಿರಿ, ಎಲ್ಲವನ್ನೂ ಪಬ್ಲಿಕ್ ಮಾಡಿಡಿ. ಲಿಂಕ್ಡ್‌ಇನ್‌ನಲ್ಲಿ ಹುದ್ದೆ, ತಾರೀಖು ಪಿಟಿಷನ್‌ನಲ್ಲಿರುವ ಹಾಗೇ ಇದೆಯಾ ಅಂತ ಈ ವಾರವೇ ನೋಡಿ.

ಹೇಮಾವತಿ_ದಂಡೆ:

ನೋಡಿದೆ ಸರ್. ಲಿಂಕ್ಡ್‌ಇನ್‌ನಲ್ಲಿ ಸೇರಿದ ತಿಂಗಳು ತಪ್ಪಿತ್ತು, ಸರಿ ಮಾಡಿದೆ. ಪಾಸ್‌ಪೋರ್ಟ್ ಅರ್ಜಿ ತುಂಬಿ ಫೋಟೋ ತೆಗೆಸಿಕೊಂಡು ಬಂದೆ, ನಾಳೆ ಕಳಿಸುತ್ತೇನೆ.

ಅಪ್ಪನಿಗೆ ಫೋನ್ ಮಾಡಿ ಎಲ್ಲಾ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಎರಡು ತಿಂಗಳು ಇರ್ತೀಯಾ ಹಾಗಾದ್ರೆ’ ಅಂದರು. ಮಹಡಿ ರೂಮಿಗೆ ಇಂಟರ್ನೆಟ್ ಹಾಕಿಸಲು ನಾಳೆಯೇ ಹೇಳುತ್ತಾರಂತೆ.